ಸ್ವಲ್ಪ ಸೀರಿಯಸ್ ಐತಿ

ಸಾವಿನ ಸುದ್ದಿ ಮುಟ್ಟಿಸುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಬರುತ್ತದೆ ಅಂತ ತಿಳಿದವರು ಊರ ತುಂಬ ಇದ್ದಾರೆ. ಅಂಥವರು ಫೋನ್ ಹಚ್ಚಿ ‘ನಿಮ್ಮಪ್ಪ ಹೋದ’ ಅಂತ ಒಗೆದುಬಿಡುತ್ತಾರೆ. ಆ ಕಡೆ ಕೇಳಿದವನೂ ಧಡಕ್ಕನೆ ಬಿದ್ದು, ಅವನ ಸುದ್ದಿ ಮುಟ್ಟಿಸಲು ಮತ್ತೊಬ್ಬನನ್ನು ಹುಡುಕಬೇಕಾಗುತ್ತದೆ. ಹೈದರಾಬಾದಿನ ನಾರಾಯಣಗೂಡದಲ್ಲಿರುವ ಅಂಬಣ್ಣ ಅಂಥ ಹೆಡ್ಡನಲ್ಲ.

ಅಂಬಣ್ಣ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುವವನು. ಅದು ಹೊಟ್ಟೆಪಾಡು. ಹೆಸರು ತಂದುಕೊಟ್ಟಿದ್ದು ಮಾತ್ರ ಈ ಇನ್ನೊಂದು ಕಸುಬು. ರಾಯಚೂರು, ಕೊಪ್ಪಳ, ಬಾಗಲಕೋಟೆ ಕಡೆ ಯಾವ ಹಳ್ಳಿಯಲ್ಲಿ ಯಾರೇ ಕಣ್ಣು ಮುಚ್ಚಲಿ, ಅವರ ಮಕ್ಕಳು ಹೈದರಾಬಾದಿನಲ್ಲಿದ್ದರೆ ಫೋನು ಮೊದಲು ಬರುವುದು ಅಂಬಣ್ಣನಿಗೆ. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಆ ಮಕ್ಕಳ ಮನೆಗೆ ಹೋಗಿ, ಚಹಾ ಕುಡಿದು, ಈ ವರ್ಷದ ಬಿಸಿಲನ್ನು ಬೈದು, ಎದ್ದು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳುತ್ತಿದ್ದ: “ಊರಾಗ ಅಪ್ಪಾರಿಗೆ ಸ್ವಲ್ಪ ಸೀರಿಯಸ್ ಐತಂತ್ರಿ. ಒಮ್ಮೆ ಹೋಗಿ ಮಾರಿ ನೋಡ್ಕೊಂಡು ಬರ್ರಿ.”

ಅಷ್ಟೇ. ಒಳಗಿನಿಂದ ಅಳು ಶುರುವಾಗುತ್ತಿತ್ತು. ಯಾಕಂದರೆ ನಮ್ಮ ಮಂದಿಯೇನೂ ದಡ್ಡರಲ್ಲ. ‘ಆರಾಮಿಲ್ಲ’ ಅಂದರೆ ದವಾಖಾನೆಗೆ ಹಾಕಿದ್ದಾರೆ. ‘ಸ್ವಲ್ಪ ಸೀರಿಯಸ್’ ಅಂದರೆ ಜೀವ ಹೋಗಿದೆ. ‘ಭಾಳ ಸೀರಿಯಸ್’ ಅಂದರೆ ಜೀವ ಹೋಗಿದ್ದಷ್ಟೇ ಅಲ್ಲ, ಕುಣಿ ತೋಡಿ ಆಗಿದೆ, ನಿಮ್ಮದೇ ದಾರಿ ಕಾಯುತ್ತಿದ್ದಾರೆ. ‘ಏನೂ ಇಲ್ಲ, ಎಲ್ಲಾರೂ ಆರಾಮ ಅದಾರ, ಆದ್ರೂ ಬಂದು ಹೋಗ್ರಿ’ ಅಂದರೆ ಇಬ್ಬರು ಹೋಗಿದ್ದಾರೆ. ಒಮ್ಮೆ ಕಾರ್ಖಾನೆಯ ರಾಮಕೃಷ್ಣನಿಗೆ ಅಂಬಣ್ಣ ‘ನಿಮ್ಮ ಕಾಕಾಗ ಸ್ವಲ್ಪ ಸೀರಿಯಸ್’ ಅಂದಾಗ, ರಾಮಕೃಷ್ಣ ‘ಮಣ್ಣು ಎಷ್ಟೊತ್ತಿಗಂತ?’ ಅಂತ ಕೇಳಿದ್ದ. ‘ಮೂರಕ್ಕ’ ಅಂದಿದ್ದ ಅಂಬಣ್ಣ. ಇಬ್ಬರಿಗೂ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ಇಂಥ ಅಂಬಣ್ಣನ ಕೈಗೆ ಅವನ ಭಾವ ವೀರಭದ್ರಪ್ಪ ತನ್ನ ತಾಯಿಯನ್ನು ಒಪ್ಪಿಸಿ ವಿದೇಶಕ್ಕೆ ಹೋದ.

ಹೋಗುವುದೇನು ಸುಮ್ಮನೆ ಹೋದನೇ? ಅದು ಹೈದರಾಬಾದಿಗೆ ಕಂಪ್ಯೂಟರಿನ ಗ್ರಹ ಹಿಡಿದಿದ್ದ ಕಾಲ. ಅಮೀರ್‌ಪೇಟಿನಲ್ಲಿ ಕಲ್ಲು ಎಸೆದರೆ ಜಾವಾ ಕಲಿಯುವವನ ತಲೆಗೇ ಬೀಳುತ್ತಿತ್ತು. ವೀರಭದ್ರಪ್ಪನ ಕಾಲನಿಯಲ್ಲಿ ಒಂದೊಂದು ಮನೆಯ ಶೋಕೇಸಿನಲ್ಲೂ ಒಂದೊಂದು ದೇಶ ಕೂತಿತ್ತು: ಒಬ್ಬರ ಮನೆಯಲ್ಲಿ ಹೆಬ್ಬೆರಳಷ್ಟು ಐಫೆಲ್ ಗೋಪುರ, ಇನ್ನೊಬ್ಬರಲ್ಲಿ ವಾಲಿಕೊಂಡಿರುವ ಗೋಪುರ. ರಕ್ಷಣಾ ಇಲಾಖೆಯ ಕಾರ್ಖಾನೆಯಿಂದ ನಿವೃತ್ತನಾದ ವೀರಭದ್ರಪ್ಪನ ಶೋಕೇಸಿನಲ್ಲಿ ಇದ್ದದ್ದು ಕಾರ್ಖಾನೆಯವರು ಕೊಟ್ಟ ಗೋಡೆ ಗಡಿಯಾರ, ಅದೂ ನಿಂತದ್ದು. ಚಹಾಕ್ಕೆ ಬಂದವರು ಅದನ್ನು ನೋಡಿ, ‘ನೀವು ಎಲ್ಲೂ ಹೋಗಿಲ್ಲೇನ್ರಿ?’ ಅಂತ ಕೇಳಿದಾಗೆಲ್ಲ ಅವನ ಮುಖ ಸಣ್ಣಗಾಗುತ್ತಿತ್ತು. ಹೈಟೆಕ್ ಸಿಟಿಯ ಕಂಪನಿಯಲ್ಲಿ ದುಡಿಯುವ ಮಗಳು ಲಹರಿಗೆ ಇದು ತಡೆಯಲಾಗಲಿಲ್ಲ. ಕಂಪನಿ ಬೋನಸ್ ಕೊಟ್ಟ ದಿನವೇ ಅಪ್ಪ, ಅವ್ವ, ತಾನು, ಮೂವರಿಗೂ ಈಜಿಪ್ಟಿನ ಪ್ರವಾಸ ಗೊತ್ತು ಮಾಡಿ ಬಂದಳು. ಪಿರಮಿಡ್ಡು! ಕಾಲನಿಯಲ್ಲಿ ಯಾರ ಶೋಕೇಸಿನಲ್ಲೂ ಇರಲಿಲ್ಲ.

ವೀರಭದ್ರಪ್ಪ ಕಾಶಿಗೆ ಹೊರಟವರ ಹಾಗೆ ಮನೆಮನೆಗೂ ಹೋಗಿ ಹೇಳಿ ಬಂದ. ಮಾನ್ವಿ ಕಡೆಯ ಊರಲ್ಲಿರುವ ಸೋದರಮಾವ ಕಲ್ಯಾಣಪ್ಪನಿಗೂ ಫೋನ್ ಮಾಡಿದ. “ಅಲ್ಲಿ ಏನೈತಿ?” ಅಂತ ಕೇಳಿದ ಕಲ್ಯಾಣಪ್ಪ. “ರಾಜರ ಗೋರಿ.” “ಗೋರಿ ನೋಡಾಕ ಇಮಾನದಾಗ ಹೊಂಟಿಯೇನು? ಗೋಲ್ಕೊಂಡದಾಗ ಬೇಕಾದಷ್ಟು ಅದಾವಲ್ಲೋ ತಮ್ಮಾ, ಸಿಟಿ ಬಸ್ ಹೋಗ್ತೈತಿ!”

ಆದರೆ ವೀರಭದ್ರಪ್ಪನ ಕಾಲು ಹಿಂದಕ್ಕೆ ಎಳೆಯುತ್ತಿದ್ದದ್ದು ಬೇರೆ ಕಾರಣಕ್ಕೆ. ತಾಯಿ ಗುರುಬಸವ್ವ ಎಂಬತ್ತು ದಾಟಿದವಳು, ಎದೆ ಗೂರು, ಆಗಾಗ ಉಬ್ಬಸ. ಎಲ್ಲರೂ ಅವಳನ್ನು ಆಯಿ ಅಂತಲೇ ಕರೆಯುತ್ತಿದ್ದರು. ‘ನಿನ್ನ ಬಿಟ್ಟು ಹೆಂಗ ಹೋಗ್ಲಿ ಅವ್ವಾ’ ಅಂದರೆ, ಆಯಿಯೇ ಗದರಿದಳು. “ಹೋಗಿ ನೋಡಿ ಬಾ. ಬಂದು ಹೆಂಗಿತ್ತಂತ ನನಗ ಹೇಳು. ನಾ ಎಲ್ಲಿ ಹೊಕ್ಕೀನಿ, ಇಲ್ಲೇ ಇರ್ತೀನಿ.”

ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ವೀರಭದ್ರಪ್ಪ ಅಂಬಣ್ಣನ ಎರಡೂ ಕೈ ಹಿಡಿದುಕೊಂಡ. “ಅಂಬಣ್ಣಾ, ಅವ್ವಗ ಏನರ ಆದ್ರ ಇದ್ದದ್ದು ಇದ್ದಂಗ ಹೇಳು. ಬಿಟ್ಟು ಓಡಿ ಬರ್ತೀನಿ. ಉಸುರಿರೂದ್ರಾಗ ನಾ ಅಕಿ ಮಾರಿ ನೋಡಬೇಕು.” ಅಂಬಣ್ಣ ಕಣ್ಣಲ್ಲಿ ನೀರು ತಂದುಕೊಂಡು ಭಾಷೆ ಕೊಟ್ಟ.

ಅವರು ಹೋದ ಮೂರನೇ ದಿನ ಬೆಳಗಿನ ಜಾವ ಆಯಿಗೆ ಉಬ್ಬಸ ಕಿತ್ತುಕೊಂಡು ಬಂತು. ಅಂಬಣ್ಣನೂ, ಮೇಲಿನ ಮನೆಯ ಬಾಡಿಗೆ ಹುಡುಗ ಸೂರಜ್‌ನೂ ಸೇರಿ ಅವಳನ್ನು ದವಾಖಾನೆಗೆ ಒಯ್ದರು. ಸೂರಜ್ ಮಂಗಳೂರು ಕಡೆಯ ಸಾಫ್ಟ್‌ವೇರ್ ಇಂಜಿನಿಯರ್, ಒಳ್ಳೆಯವನು, ಕಾರು ಇತ್ತು. ಡಾಕ್ಟರು ಆಯಿಯ ಮೂಗಿಗೆ ಆಕ್ಸಿಜನ್ ಮುಖವಾಡ ಕಟ್ಟಿ, ಪರೀಕ್ಷೆ ಮಾಡಿ, ಅಂಬಣ್ಣನನ್ನು ಮೂಲೆಗೆ ಕರೆದು ತೆಲುಗಿನಲ್ಲಿ ಮೆತ್ತಗೆ ಹೇಳಿದರು: ವಯಸ್ಸಾಗಿದೆ, ಸ್ವಲ್ಪ ಸೀರಿಯಸ್ಸಾಗಿದೆ, ಒಂದೆರಡು ದಿನ ಹೇಳುವುದಕ್ಕಾಗುವುದಿಲ್ಲ, ಮಗನನ್ನು ಕರೆಸಿ.

ಅಂಬಣ್ಣ ಭಾಷೆ ಕೊಟ್ಟಿದ್ದನಲ್ಲ, ಇದ್ದದ್ದು ಇದ್ದ ಹಾಗೆ ಹೇಳಬೇಕು. ಕೈರೋದ ಹೋಟೆಲಿನಲ್ಲಿದ್ದ ಭಾವನ ಮೊಬೈಲಿಗೆ ಫೋನ್ ಹಚ್ಚಿದ. ವೀರಭದ್ರಪ್ಪ ನಾಷ್ಟಾ ಮಾಡುತ್ತಿದ್ದ.

“ಭಾವಾರ, ಆಯಿಗೆ ಸ್ವಲ್ಪ ಸೀರಿಯಸ್ ಐತ್ರಿ.”

ಆ ಕಡೆ ಚಮಚ ಬಿದ್ದ ಸದ್ದು. ಆಮೇಲೆ ವೀರಭದ್ರಪ್ಪನ ಧ್ವನಿ, ಭಾವಿಯೊಳಗಿಂದ ಬಂದ ಹಾಗೆ: “ಯಾವಾಗ?”

“ಬೆಳಿಗ್ಗಿ ಜಾವದಾಗ್ರಿ.”

“ಭಾಳ ಒದ್ದಾಡಿದಳೇನು?”

“ಮೊದಲ ಸ್ವಲ್ಪ ಒದ್ದಾಡಿದ್ರು. ಈಗ ಏನೂ ತ್ರಾಸಿಲ್ರಿ, ಶಾಂತ ಆಗ್ಯಾರ.”

ಸತ್ಯವನ್ನೇ ಹೇಳುತ್ತಿದ್ದ, ಪಾಪ. ಒಂದಕ್ಷರ ಸುಳ್ಳಿರಲಿಲ್ಲ. ಅಷ್ಟರಲ್ಲಿ ಅಕ್ಕ ವಿಶಾಲಾಕ್ಷಿಯ ಅಳು ಫೋನನ್ನು ಒಡೆದುಕೊಂಡು ಬಂತು: “ಅಯ್ಯೋ ನಮ್ಮತ್ತಿ! ನನ್ನ ಬಿಟ್ಟು ಹೋದೆಲ್ಲ ಅತ್ತಿ!” ಅಂಬಣ್ಣ ಗಾಬರಿಯಾಗಿ, “ಏ ಅಕ್ಕಾ, ಹೋಗಿಲ್ಲ, ಹೋಗಿಲ್ಲ! ಜೀವ ಐತಿ! ಖರೆಖರೆ ಸೀರಿಯಸ್ ಐತಿ!” ಅಂತ ಕೂಗಿದ. ಫೋನನ್ನು ಲಹರಿ ಕಸಿದುಕೊಂಡಳು. “ಮಾಮಾ, ನನಗ ಖರೆ ಹೇಳು.” “ಖರೇನ ಹೇಳಾಕತ್ತೀನಿ ಅವ್ವಿ, ಜೀವ ಐತಿ.” “ಅಜ್ಜ ಸತ್ತಾಗೂ ನೀನು ಹಿಂಗ ಅಂದಿದ್ದಿ ಮಾಮಾ,” ಅಂದು ಆ ಹುಡುಗಿಯೂ ಅಳತೊಡಗಿತು. ಅಂದಿದ್ದ, ಸುಳ್ಳಲ್ಲ. ಊರಲ್ಲಿ ಆ ಅಜ್ಜನನ್ನು, ಅಂದರೆ ತನ್ನ ಅಪ್ಪನನ್ನೇ, ಮಣ್ಣಿನಲ್ಲಿ ಇಟ್ಟು ಕೈ ತೊಳೆದುಕೊಳ್ಳುತ್ತ ‘ಜೀವ ಐತಿ, ಲಗೂ ಬರ್ರಿ’ ಅಂದಿದ್ದ.

ಫೋನ್ ಕಟ್ಟಾಗಿತ್ತು. ಮತ್ತೆ ಹಚ್ಚಿದರೆ ಎಂಗೇಜು. ಆ ಕಡೆ ವೀರಭದ್ರಪ್ಪ ಊರಿಗೆ ಹಚ್ಚಿದ್ದ.

ಮಧ್ಯಾಹ್ನ ಇಳಿಯುವುದರೊಳಗೆ ದವಾಖಾನೆಯ ಮುಂದೆ ಕ್ರೂಸರ್ ಜೀಪೊಂದು ಬಂದು ನಿಂತಿತು. ಹತ್ತು ಮಂದಿ ಕೂಡುವ ಜೀಪಿನಿಂದ ಇಪ್ಪತ್ತು ಮಂದಿ ಇಳಿದರು. ಮುಂದೆ ಸೇವಂತಿಗೆಯ ದೊಡ್ಡ ಮಾಲೆ ಹಿಡಿದ ಕಲ್ಯಾಣಪ್ಪ, ಹಿಂದೆ ಸೆರಗು ಬಾಯಿಗಿಟ್ಟುಕೊಂಡ ಹೆಣ್ಣುಮಕ್ಕಳು, ಅವರ ಹಿಂದೆ ತಾಳ, ದಪ್ಪಿನ ಸಮೇತ ಭಜನಿ ಮಂದಿ. ರಿಸೆಪ್ಷನ್ನಿನ ನುಣ್ಣನೆ ಕಲ್ಲಿನ ಮೇಲೆ ಕಾಲಿಟ್ಟಿದ್ದೇ ತಡ, ಹೆಣ್ಣುಮಕ್ಕಳು ಒಬ್ಬರ ಕೊರಳಿಗೊಬ್ಬರು ಬಿದ್ದು ಹಾಡಿ ಅಳಲು ಹತ್ತಿದರು. ಯಾಕೆ ಅಳುತ್ತೀರಿ, ಸತ್ತದ್ದು ಯಾರು ಅಂತ ಕೇಳುತ್ತ ಕಾವಲುಗಾರ ಓಡಿ ಬಂದ.

“ಕಾಯ್ಕು ರೋರೇ ಅಮ್ಮಾ? ಕೌನ್ ಮರೇ?”

“ಕೋಯಿ ನೈ ಮರೇ ಭಾಯ್,” ಅಂದ ಅಂಬಣ್ಣ, ಮೆಟ್ಟಿಲಿಳಿದು ಓಡುತ್ತ ಬಂದು.

“ನೈ ಮರೇ ತೋ ರೋರೇ ಕಾಯ್ಕು?”

ಯಾರೂ ಸಾಯದಿದ್ದರೆ ಅಳುವುದೇಕೆ ಅಂತ ಕೇಳುತ್ತಿದ್ದವನನ್ನು ಅಂಬಣ್ಣ ಪಕ್ಕಕ್ಕೆ ಸರಿಸಿದ. ಅವನು ಕಲ್ಯಾಣಪ್ಪನ ಕಿವಿಯಲ್ಲಿ, “ಕಾಕಾರ, ಆಯಿ ಇನ್ನಾ ಅದಾರ್ರಿ,” ಅಂದ. ಕಲ್ಯಾಣಪ್ಪ ಅವನ ಬೆನ್ನು ಸವರಿದ. “ಇರ್ಲಿ ಬಿಡೋ. ನಮ್ಮ ಮುಂದೂ ಮುಚ್ಚಿಡ್ತಿಯೇನು? ಎಲ್ಲಿ ಕೂಡ್ಸೀರಿ ಹೇಳು.” ಕೊನೆಗೆ ಕೈ ಹಿಡಿದು ಎಳೆದುಕೊಂಡು ಹೋಗಿ ಬಾಗಿಲ ಗಾಜಿನಿಂದ ತೋರಿಸಬೇಕಾಯಿತು. ಒಳಗೆ ಆಯಿ ಮುಖವಾಡ ಹಾಕಿಕೊಂಡು ಕಣ್ಣು ಬಿಟ್ಟು ಕೂತಿದ್ದಳು. ಗಾಜಿನ ಆಚೆ ತಮ್ಮನನ್ನೂ, ಮಾಲೆಯನ್ನೂ ನೋಡಿದಳು. ಮುಖವಾಡ ಸರಿಸಿ, “ಯಾರು ಸತ್ತಾರೊ ಕಲ್ಯಾಣಿ?” ಅಂತ ಕೇಳಿದಳು.

ಕಲ್ಯಾಣಪ್ಪ ಬೆಂಚಿನ ಮೇಲೆ ಕುಸಿದ. ಅಕ್ಕ ಬದುಕಿರುವಳಲ್ಲ ಅಂತ ಸಂತೋಷಪಡಬೇಕು, ಆದರೆ ಮಾಲೆ ಕೈಯಲ್ಲಿತ್ತು. ಸತ್ತವರಿಗೆ ಅಂತ ತಂದ ಮಾಲೆಯನ್ನು ತಿರುಗಿ ಮನೆಗೆ ಒಯ್ಯುವ ಹಾಗಿಲ್ಲ, ಒಯ್ದರೆ ಆ ಮನೆಯಲ್ಲಿ ಇನ್ನೊಬ್ಬರಿಗೆ ಬೇಕಾಗುತ್ತದೆ ಅಂತ ಹಿರಿಯರ ಮಾತು. ಜೀಪಿನಲ್ಲಿ ಬಂದ ಅಷ್ಟೂ ಮಂದಿ ಮಾಲೆಯ ಸುತ್ತ ನಿಂತು ಚರ್ಚೆ ಮಾಡಿದರು. ಯಾರೂ ಅದನ್ನು ಮುಟ್ಟಲೊಲ್ಲರು. ಬೇರೆ ವಾರ್ಡಿನಲ್ಲಿ ಯಾರಾದರೂ ಹೋಗಿದ್ದಾರೇನು ಅಂತ ವಿಚಾರಿಸಲು ಒಬ್ಬನನ್ನು ಕಳಿಸಿದರು. ಅಷ್ಟರಲ್ಲಿ ಸೂರಜ್ ಆಫೀಸಿನಿಂದ ಬಂದ.

“ಎಂತ ಮಾರಾಯ್ರೆ ಇದು ಜಾತ್ರೆ?” ಅಂತ ಎಲ್ಲ ಕೇಳಿಕೊಂಡು, “ಇಷ್ಟೇ ಅಲ್ವಾ? ಒಂದು ಫೋಟೊ ತೆಗ್ದು ಮೇಲ್ ಮಾಡಿದ್ರೆ ಆಯ್ತು. ಫೋಟೊ ನೋಡಿದ ಮೇಲೆ ನಂಬ್ಲೇಬೇಕು,” ಅಂದ. ಅಂಬಣ್ಣನಿಗೆ ಸೂರಜ್‌ನ ಕಾಲು ಮುಟ್ಟುವಷ್ಟು ಖುಷಿಯಾಯಿತು. ಓದಿದ ಹುಡುಗರೆಂದರೆ ಹೀಗಿರಬೇಕು!

ಸೂರಜ್ ಕ್ಯಾಮೆರಾ ತಂದ. ಆಯಿ ದಿಂಬಿಗೆ ಒರಗಿ ಅರ್ಧ ಮಲಗಿದ್ದಳು. “ಮಲಗಿದ ಹಾಗೆ ಬೇಡ, ಸತ್ತವರ ಹಾಗೆ ಕಾಣ್ತದೆ. ನೆಟ್ಟಗೆ ಕೂರ್ಸಿ,” ಅಂದ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂಡಿಸಿದರು. ಮಗ ನೋಡುವ ಫೋಟೊ ಅಂತ ಗೊತ್ತಾಗಿ ಆಯಿ ತಾನೇ ಸನ್ನೆ ಮಾಡಿ ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿಸಿಕೊಂಡಳು. ಆಗ ಕಲ್ಯಾಣಪ್ಪನಿಗೆ ಹೊಳೆಯಿತು: ಮಾಲೆಯನ್ನು ಇಲ್ಲೇ ಹಾಕಿಬಿಟ್ಟರೆ ಸನ್ಮಾನ ಆದಂತಾಯಿತು, ಹೊತ್ತುಕೊಂಡು ಹೋಗುವ ಪೀಡೆಯೂ ತಪ್ಪಿತು. ಹಾಕಿಯೇಬಿಟ್ಟ. ನರ್ಸು, “ಇಂತಮಂದಿ ಲೋಪಲಿಕಿ ರಾಕೂಡದಂಡಿ!” ಅಂತ, ಇಷ್ಟು ಮಂದಿ ಒಳಗೆ ಬಂದದ್ದಕ್ಕೆ ಬೈಯುತ್ತಲೇ ಒಂದು ನಿಮಿಷಕ್ಕೆ ಮುಖವಾಡ ತೆಗೆದಳು. ಫ್ಲ್ಯಾಶ್ ಹೊಡೆಯಿತು. ಆಯಿ ಕಣ್ಣು ಮುಚ್ಚಿದಳು. ಇನ್ನೊಂದು ಸಲ ಹೊಡೆಯಿತು, ಮತ್ತೂ ಮುಚ್ಚಿದಳು. ಉಸಿರು ಸಿಗುತ್ತಿಲ್ಲ ಅಂತ ನರ್ಸು ಎಲ್ಲರನ್ನೂ ಹೊರಗೆ ಅಟ್ಟಿದಳು. ಸೂರಜ್ ಎರಡರಲ್ಲಿ ಚಂದದ್ದನ್ನು ಆರಿಸಿ ಲಹರಿಗೆ ಮೇಲ್ ಮಾಡಿದ.

ಇಲ್ಲಿ ಒಂದು ಮಾತು ಹೇಳಬೇಕು. ಸೂರಜ್‌ನ ಕಡೆ ಸತ್ತವರನ್ನು ಮಲಗಿಸುತ್ತಾರೆ. ಅವನ ಲೆಕ್ಕದಲ್ಲಿ ಕೂತವರು ಬದುಕಿದವರು. ವೀರಭದ್ರಪ್ಪನ ಮಂದಿ ಲಿಂಗಾಯತರು. ಅವರಲ್ಲಿ ಸತ್ತವರನ್ನು ಕೂಡಿಸುತ್ತಾರೆ. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಮಾಲೆ ಹಾಕಿ, ದೂರದವರಿಗೆ ತೋರಿಸಲು ಒಂದು ಫೋಟೊ ಹೊಡೆಸುತ್ತಾರೆ. ಅಂಬಣ್ಣ ಅಂಥ ಫೋಟೊಗಳನ್ನು ತಾನೇ ನಿಂತು ಹೊಡೆಸಿದವನು. ಇದೆಲ್ಲ ಅವನಿಗೆ ನೆನಪಾದದ್ದು, ಕಲ್ಯಾಣಪ್ಪ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಫೋಟೊ ನೋಡಿ, ಗೊತ್ತಿಲ್ಲದೆಯೇ ಕೈ ಮುಗಿದಾಗ.

“ಅಂಬಣ್ಣಾ,” ಅಂದ ಕಲ್ಯಾಣಪ್ಪ, “ಇದನ್ನ ಕಳಿಸಿಬಿಟ್ಟೀರೇನು?”

ಕಳಿಸಿಯಾಗಿತ್ತು. ಸಂಜೆಯೇ ವೀರಭದ್ರಪ್ಪನ ಫೋನ್ ಬಂತು. ಅತ್ತೂ ಅತ್ತೂ ಸಾಕಾದ ಧ್ವನಿ, ತಣ್ಣಗಿತ್ತು.

“ಫೋಟೊ ನೋಡಿದೆ ಅಂಬಣ್ಣ. ಅವ್ವನ ಮಾರಿ ಭಾಳ ಶಾಂತ ಐತಿ. ಛಲೋ ಕೂಡ್ಸೀರಿ. ಮಾಲಿ ದೊಡ್ಡದು ತಂದೀರಿ. ನಾ ಇದ್ರೂ ಇಷ್ಟು ಮಾಡತಿದ್ದಿಲ್ಲ.”

“ಭಾವಾರ, ನಿಮ್ಮ ಕಾಲು ಬೀಳ್ತೀನಿ, ಆಯಿ ಅದಾರ್ರಿ! ಫೋಟೊಕ್ಕ ಕೂಡ್ಸಿದ್ವಿ!”

“ಗೊತ್ತೈತೋ. ಫೋಟೊಕ್ಕ ಕೂಡ್ಸೂದು.”

“ಹಂಗಲ್ರಿ! ಕಣ್ಣು ಮುಚ್ಯಾರ, ಯಾಕಂದ್ರ ಲೈಟ್ ಬಿತ್ತು...”

“ಸಾಕು ಬಿಡಪ್ಪಾ.” ಭಾವ ಬಿಕ್ಕಿದ. “ನಿನ್ನ ಮನಸು ನನಗ ತಿಳೀತೈತಿ. ನನಗ ಎದಿ ಒಡೀಬಾರ್ದಂತ ಹೇಳ್ತಿ. ಕೇಳಿಲ್ಲಿ. ನಮ್ಮದು ಎಲ್ಲಾರದೂ ಕೂಡಿ ತಗಸಿದ ಟಿಕೆಟ್, ನಾಡಿದ್ದು ಬಿಟ್ರ ಇಲ್ಲಂತಾರ ಏಜೆಂಟ್. ಅವ್ವನ್ನ ಅಲ್ಲೀತನ ಇಡಬ್ಯಾಡ್ರಿ, ಕೆಡತೈತಿ. ನಾಳೆನ ಮಣ್ಣು ಮಾಡಿಬಿಡ್ರಿ. ಜೀವ ಇದ್ದಿದ್ರ ರೆಕ್ಕಿ ಕಟಗೊಂಡು ಬರತಿದ್ದೆ, ಅಂಬಣ್ಣ. ಇನ್ನೇನು ಬಂದು ಮಾಡ್ಲಿ.”

ಕಲ್ಯಾಣಪ್ಪ ಫೋನ್ ಕಸಿದುಕೊಂಡು, “ಲೇ ವೀರ್‍ಯಾ, ನಾ ನಿಮ್ಮ ಮಾವ ಹೇಳಾಕತ್ತೀನಿ, ಜೀವ ಐತೋ!” ಅಂತ ಚೀರಿದ. “ನೀವೂ ಹಂಗ ಅಂತೀರಿ ಮಾವಾ,” ಅಂದ ವೀರಭದ್ರಪ್ಪ, “ಎಲ್ಲಾರಿಗೂ ನನ್ನ ಮ್ಯಾಲ ಎಷ್ಟು ಮಾಯಾ!” ಪ್ರೀತಿ ಹೆಚ್ಚಾದಷ್ಟೂ ಸಾವು ಗಟ್ಟಿಯಾಗುತ್ತ ಹೋಯಿತು. ಜೀಪಿನಿಂದ ಇಳಿದ ಇಪ್ಪತ್ತು ಮಂದಿಯೂ ಸರದಿಯ ಮೇಲೆ ಫೋನ್ ತಗೊಂಡು ಜೀವ ಐತಿ, ಜೀವ ಐತಿ ಅಂದರು. ಇಪ್ಪತ್ತು ಮಂದಿ ಊರಿನಿಂದ ಬಂದಿದ್ದಾರೆ ಅಂದಮೇಲೆ ಅವನಿಗೆ ಇನ್ಯಾವ ಸಾಕ್ಷಿ ಬೇಕು?

ಮರುದಿನ ಮುಂಜಾನೆ ವೈಜನಾಥ ಬಂದ. ಸಮಾಜದ ರುದ್ರಭೂಮಿ ಕಮಿಟಿಯ ಕಾರ್ಯದರ್ಶಿ ಅವನು, ಕಾಯಿದೆಯ ಮನುಷ್ಯ. ವೀರಭದ್ರಪ್ಪ ಅವನಿಗೂ ಕೈರೋದಿಂದ ಫೋನ್ ಮಾಡಿ ತಂದೆಯ ಪಕ್ಕದ ಜಾಗ ಹೇಳಿಟ್ಟಿದ್ದ. ವೈಜನಾಥ ವಾರ್ಡಿನ ಬಾಗಿಲಲ್ಲಿ ನಿಂತು ವಾಚು ನೋಡಿಕೊಂಡ.

“ಕುಣಿ ತಯಾರೈತಿ. ಎಷ್ಟೊತ್ತಿಗಿ ತರ್ತೀರಿ?”

“ಇನ್ನಾ ಅದಾರ್ರಿ ಅವರು,” ಅಂದ ಅಂಬಣ್ಣ.

“ಅದಾರ ಅಂದ್ರ?”

“ಡಾಕ್ಟ್ರು ಸ್ಟೇಬಲ್ ಅಂದಾರ್ರಿ.”

“ಸ್ಟೇಬಲ್ ಅಂದ್ರ ಎಷ್ಟೊತ್ತು ಹಿಡೀತೈತಿ? ತೋಡಿದ ಕುಣಿ ಖಾಲಿ ಬಿಡಾಕ ಬರೂದಿಲ್ಲ ನೋಡ್ರಿ. ಅದು ಬಾಯಿ ತಕ್ಕೊಂಡು ಕುಂತಿರ್ತೈತಿ. ಕಮಿಟಿ ಒಪ್ಪೂದಿಲ್ಲ.”

ಕಲ್ಯಾಣಪ್ಪ ಎದ್ದು, ತನ್ನ ಅಕ್ಕ ಬದುಕಿರುವಾಗಲೇ ಕುಣಿ ತೋಡಿಸಿದ ಕಮಿಟಿಯನ್ನೇ ಅದರಲ್ಲಿ ಇಳಿಸುತ್ತೇನೆ ಅಂತ ತೋಳು ಏರಿಸಿದ. ನೆರೆಮನೆಯ ಕೋಕಿಲಾಬಾಯಿ ನಡುವೆ ಬಂದು ಬಿಡಿಸಿದಳು. ಸೂತಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ಅವಳು ಜೋಳದ ರೊಟ್ಟಿ, ಝುಣಕ ಕಟ್ಟಿಕೊಂಡು ಬಂದಿದ್ದಳು. ಜಗಳ ಆಡಿದವರು, ಆಡದವರು ಎಲ್ಲರೂ ಅಲ್ಲೇ ವರಾಂಡದಲ್ಲಿ ಕೂತು ಅದನ್ನು ತಿಂದರು. ಹಸಿದಿದ್ದರು. ಕೊನೆಗೆ, ಕುಣಿಗೆ ಒಂದು ಬೇವಿನ ಟೊಂಗೆ, ಒಂದು ನಿಂಬೆಹಣ್ಣು ಹಾಕಿ ಸಮಾಧಾನ ಮಾಡುವುದು ಅಂತ ತೀರ್ಮಾನವಾಗಿ ವೈಜನಾಥ ಹೊರಟುಹೋದ.

ಅಂಬಣ್ಣ ಒಳಗೆ ಹೋದ. ಆಯಿಗೆ ಕಿವಿ ಸೂಕ್ಷ್ಮ. ಬಾಗಿಲ ಹೊರಗಿನದೆಲ್ಲ ಕೇಳಿಸಿಕೊಂಡಿದ್ದಳು.

“ಅಂವಗ ಫೋನ್ ಹಚ್ಚು,” ಅಂದಳು. “ನಾನ ಮಾತಾಡ್ತೀನಿ.”

ಇದು ಯಾಕೆ ಮೊದಲೇ ಹೊಳೆಯಲಿಲ್ಲ? ಹೊಳೆದಿತ್ತು, ಆದರೆ ಆಯಿ ಎಂದೂ ಫೋನಿನಲ್ಲಿ ನೆಟ್ಟಗೆ ಮಾತಾಡಿದವಳಲ್ಲ. ಯಾರೇ ಕೊಟ್ಟರೂ ‘ಛಲೋ ಅದೀನಿ, ಇಡು’ ಅಂದು ತಿರುಗಿ ಕೊಡುವವಳು. ಅಲ್ಲದೆ ಡಾಕ್ಟರು ಮಾತಾಡಿಸಬೇಡಿ ಅಂದಿದ್ದರು. ಈಗ ಅಂಬಣ್ಣ ಹಚ್ಚಿ ಅವಳ ಕಿವಿಗೆ ಹಿಡಿದ. ಆಯಿ ಮುಖವಾಡ ಎತ್ತಿ, ಉಸಿರು ಎಳೆದುಕೊಂಡು, ಒಡೆದ ಧ್ವನಿಯಲ್ಲಿ, “ವೀರಪ್ಪಾ, ನಾನೋ ನಿಮ್ಮವ್ವ. ಬಾರೋ ಕೂಸ,” ಅಂದಳು. ಕೆಮ್ಮು ಬಂತು. ನರ್ಸು ಓಡಿ ಬಂದು ಮುಖವಾಡ ಒತ್ತಿದಳು. ಅಂಬಣ್ಣ ಫೋನನ್ನು ತನ್ನ ಕಿವಿಗೆ ಇಟ್ಟುಕೊಂಡ.

“ಯಾರದು?” ವೀರಭದ್ರಪ್ಪನಿಗೆ ಸಿಟ್ಟು ಬಂದಿತ್ತು. “ಕೋಕಿಲಾಬಾಯಿಯೇನು? ಅಂಬಣ್ಣಾ, ಎಲ್ಲಾದಕ್ಕೂ ಒಂದು ಮಿತಿ ಇರ್ತೈತಿ. ನಮ್ಮವ್ವನ ಧ್ವನಿ ನನಗ ಗೊತ್ತಿಲ್ಲೇನು? ಅಕಿ ಎಂದರ ಫೋನಿನ್ಯಾಗ ಬಾರೋ ಅಂದಾಳೇನು? ಸತ್ತಾಕಿ ಹೆಸರಿಲೆ ನಾಟಕ ಆಡ್ತೀರಿ, ನಾಚಿಗಿ ಬರೂದಿಲ್ಲ? ನಾ ಈಗ ಪಿರಮಿಡ್ಡಿಗಿ ಹೊಂಟೀನಿ. 'ನೋಡಿ ಬಂದು ಹೇಳು' ಅಂದಿದ್ಳು ಅಕಿ. ಹೇಳಾಕ ಅಕಿ ಇಲ್ಲ. ನೋಡಿದ್ರ ಅಕಿ ಜೀವಕ್ಕ ಶಾಂತಿ ಸಿಗತೈತಿ. ಇನ್ನ ನನಗ ಫೋನ್ ಮಾಡಬ್ಯಾಡ.”

ಫೋನ್ ಬಂದ್ ಆಯಿತು. ಆಮೇಲೆ ಎಷ್ಟು ಸಲ ಒತ್ತಿದರೂ ಯಾವಳೋ ಒಬ್ಬಳು ಅರಬ್ಬಿಯಲ್ಲಿ ಏನೋ ಹೇಳುತ್ತಿದ್ದಳು. ಅಂಬಣ್ಣ ಅವಳಿಗೂ ಎರಡು ಸಲ, “ಜೀವ ಐತ್ರಿ,” ಅಂದ.

ಆಯಿ ಅವನ ಮುಖ ನೋಡುತ್ತಿದ್ದಳು. “ಬರ್ತಾನಂತೇನು?”

“ಬರ್ತಾರ್ರಿ.”

“ಈಗ ಎಲ್ಲಿ ಅದಾನ?”

“ಗೋರಿ ನೋಡಾಕ ಹೋಗ್ಯಾರ್ರಿ ಆಯಿ.”

“ಯಾರು ಸತ್ತಾರಲ್ಲಿ?”

“ಯಾರೋ ರಾಜ್ರಿ. ಸತ್ತು ನಾಕೈದು ಸಾವಿರ ವರ್ಷ ಆತಂತ.”

ಆಯಿ ಮುಖವಾಡವನ್ನು ಗದ್ದಕ್ಕೆ ಎಳೆದುಕೊಂಡಳು. “ಹಂಗಾರ ಅಲ್ಲೇನು ಅವಸರ ಐತೋ?” ಅಂದಳು. “ಅಂವಾ ಎಲ್ಲೂ ಹೋಗೂದಿಲ್ಲಲ್ಲ. ನಾ ಈಗ ಸಾಯಾಕತ್ತೀನಿ.”

ಅಂಬಣ್ಣ ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತ. ಬೇರೆಯವರ ಮನೆಯ ಬಾಗಿಲಲ್ಲಿ ಎಷ್ಟು ಜನರನ್ನು ಅಳಿಸಿದ್ದನೋ, ತಾನು ಅತ್ತಿರಲಿಲ್ಲ. ಸಂಜೆ ಮತ್ತೆ ಹಚ್ಚಿದಾಗ ವಿಶಾಲಾಕ್ಷಿ ಎತ್ತಿದಳು. “ಅವರು ನಿದ್ದಿ ಗುಳಿಗಿ ತಗೊಂಡು ಮಕ್ಕೊಂಡಾರೋ. ಗೋರಿ ಒಳಗ ಹೊಕ್ಕು, ಅಲ್ಲೇ ಕುಂತು ಭಾಳ ಅತ್ರು. ಮಂದೆಲ್ಲ ನೋಡಾಕತ್ತಿತ್ತು. ಇನ್ನ ಸಾಕು ಮಾಡು, ನಿನ್ನ ಕೈ ಮುಗಿತೀನಿ,” ಅಂತ ಇಟ್ಟಳು. ಅಕ್ಕನಿಗೂ ಅವನಿಂದ ಸತ್ಯ ಮುಟ್ಟಿಸಲಾಗಲಿಲ್ಲ.

ಆಮೇಲೆ ಆಯಿ ಇಳಿಯುತ್ತ ಹೋದಳು. ಬಾಗಿಲು ಸಪ್ಪಳವಾದಾಗೆಲ್ಲ ಕಣ್ಣು ಬಿಡುತ್ತಿದ್ದಳು. “ಬಂದ್ನೇನು?” ಅಂಬಣ್ಣನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಅದನ್ನೇ ಮಾಡಿದ. ಶಂಶಾಬಾದಿನಲ್ಲಿ ಇಳಿದಾರಂತ್ರಿ, ಅಂದ. ಸ್ವಲ್ಪ ಹೊತ್ತಿಗೆ, ಸಾಮಾನು ತಗೊಳಾಕತ್ತಾರಂತ್ರಿ. ಇನ್ನೂ ಸ್ವಲ್ಪ ಹೊತ್ತಿಗೆ, ಮೆಹದಿಪಟ್ಟಣದ ಟ್ರಾಫಿಕ್‌ನಾಗ ಅದಾರ್ರಿ, ಬಂದ ಬಿಡ್ತಾರ. ಆಯಿ ಅವನ ಕೈ ಹುಡುಕಿ ಹಿಡಿದುಕೊಂಡಳು.

“ನೀ ಹಿಂಗ ಹೇಳ್ತಿ ಅಂದ್ರ ಅಂವಾ ಬಂದಿಲ್ಲ, ಅಂಬಣ್ಣ,” ಅಂದಳು.

ಅವಳೂ ನಮ್ಮ ಮಂದಿಯೇ ಅಲ್ಲವೇ? ಅವಳಿಗೂ ತಿಳಿಯುತ್ತಿತ್ತು. ಮತ್ತೆ ಕೇಳಲಿಲ್ಲ. ಮುಂಜಾನೆ, ಹೊರಗೆ ಹಾಲಿನ ಗಾಡಿಗಳು ತಿರುಗುವ ಹೊತ್ತಿಗೆ, ಕಲ್ಯಾಣಪ್ಪ ಬಾಯಿಗೆ ನೀರು ಬಿಟ್ಟ. ಅದು ಒಳಗೆ ಇಳಿಯಲಿಲ್ಲ.

ಹೆಣ್ಣುಮಕ್ಕಳಿಗೆ ಅಳಲು ಧ್ವನಿ ಉಳಿದಿರಲಿಲ್ಲ, ಎರಡು ದಿನ ಮೊದಲೇ ಅತ್ತು ಮುಗಿಸಿದ್ದರು. ಕಾವಲುಗಾರ ಬಂದು ಇಣುಕಿ, ಈ ಸಲ ಏನೂ ಕೇಳದೆ ಟೊಪ್ಪಿಗೆ ತೆಗೆದು ನಿಂತ. ಎಲ್ಲರೂ ಅಂಬಣ್ಣನ ಕಡೆ ನೋಡಿದರು. ಸುದ್ದಿ ಮುಟ್ಟಿಸುವವನು ಅವನೇ ತಾನೆ?

ಅಂಬಣ್ಣ ಫೋನ್ ಹಿಡಿದು ವರಾಂಡದ ಕೊನೆಗೆ ಹೋದ. ಆರಾಮಿಲ್ಲ ಅನ್ನಲೇ? ಸೀರಿಯಸ್ ಅನ್ನಲೇ? ಭಾಳ ಸೀರಿಯಸ್ ಅನ್ನಲೇ? ಎಲ್ಲ ಮಾತೂ ಮುಗಿದಿದ್ದವು. ಈ ಸಲ ವೀರಭದ್ರಪ್ಪನೇ ಎತ್ತಿದ.

“ಭಾವಾರ,” ಅಂದ ಅಂಬಣ್ಣ, “ಆಯಿ ಸತ್ತಳ್ರಿ.”

“ಹೂಂ ಅಂಬಣ್ಣ.” ವೀರಭದ್ರಪ್ಪನ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. “ಈಗರ ಬಾಯಿ ಬಿಟ್ಟು ಹೇಳಿದಿ. ಛಲೋ ಆತು. ಮಣ್ಣು ನಿನ್ನೆ ಎಲ್ಲಾ ಪದ್ಧತಿಪ್ರಕಾರ ಆತಲ್ಲ?”

“ಮಣ್ಣು ಆಗಿಲ್ರಿ.”

“ಯಾಕ? ನಿನ್ನೆನ ಮಾಡ್ರಿ ಅಂದಿದ್ನಲ್ಲ?”

“ಈಗ ಸತ್ತಳ್ರಿ ಭಾವಾರ. ಈಗ, ಹಾಲಿನ ಗಾಡಿ ಬರೂ ಹೊತ್ತಿಗಿ. ಕಲ್ಯಾಣಪ್ಪ ಕಾಕಾ ನೀರು ಬಿಟ್ರು.”

ಅಂಬಣ್ಣ ಯಾರ ಸಾವನ್ನೂ ಈ ಮಾತಿನಲ್ಲಿ ಹೇಳಿದವನಲ್ಲ. ಅದು ವೀರಭದ್ರಪ್ಪನಿಗೂ ಗೊತ್ತಿತ್ತು. ಆ ಕಡೆ ಉಸಿರಾಟ ಕೇಳುತ್ತಿತ್ತು. ಅಲ್ಲಿ ಇನ್ನೂ ನಡುರಾತ್ರಿ. ಹಿಂದೆ ದೀಪ ಹಚ್ಚಿದ ಸದ್ದು, ಲಹರಿ ನಿದ್ದೆಗಣ್ಣಲ್ಲಿ ‘ಯಾರು ಪಪ್ಪಾ?’ ಅಂತ ಕೇಳುವುದು.

“ಹಂಗಾರ ನಿನ್ನೆ...” ಅಂದ ವೀರಭದ್ರಪ್ಪ. “ನಿನ್ನೆ ಇದ್ದಳೇನು?”

“ಇದ್ದಳ್ರಿ.”

“ಫೋನಿನ್ಯಾಗ ಬಾರೋ ಅಂದಾಕಿ...?”

“ಅಕೀನ್ರಿ,” ಅಂದ ಅಂಬಣ್ಣ.